ಮೋಟರ್‌ಹೋಮ್‌ನ ಚಕ್ರಕ್ಕೆ ಹೊಳಪು: ಡಬ್ಬಿ ತೆರೆಯುವ ಮೊದಲು ತಿಳಿಯಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಮೋಟರ್‌ಹೋಮ್ (ಒಳಗೇ ವಾಸಿಸುತ್ತ ಊರೂರು ಸುತ್ತುವ ಮನೆಗಾಡಿ) ಕೊಂಡವರು ಮೊದಲ ವಾರವೇ ಒಂದು ಡಬ್ಬಿ ಮೆಟಲ್ ಪಾಲಿಶ್ ತಂದಿಡುತ್ತಾರೆ. ಚಕ್ರ ಮಬ್ಬಾಗಿದೆ, ಉಜ್ಜಿದರೆ ಹೊಳೆಯುತ್ತದೆ ಎಂಬ ಲೆಕ್ಕ. ಚಕ್ರಗಳೆಲ್ಲ ಒಂದೇ ಜಾತಿಯವಾಗಿದ್ದರೆ ಈ ಲೆಕ್ಕ ಸರಿಹೋಗುತ್ತಿತ್ತು. ಹತ್ತು ಅಡಿ ದೂರದಿಂದ ಒಂದೇ ಥರ ಕಾಣುವ ಐದು ಬಗೆಯ ಮೇಲ್ಮೈಗಳು ಈ ಗಾಡಿಗಳಲ್ಲಿವೆ: ಬರಿಯ ಅಲ್ಯೂಮಿನಿಯಂ, ಪಾರದರ್ಶಕ ವಾರ್ನಿಶ್ ಬಳಿದ ಅಲ್ಯೂಮಿನಿಯಂ, ಕಾರ್ಖಾನೆಯಲ್ಲೇ ವಿಶೇಷ ಸಂಸ್ಕರಣೆ ಪಡೆದ ಅಲ್ಯೂಮಿನಿಯಂ, ಕ್ರೋಮ್ ಲೇಪ, ಮತ್ತೆ ಕಬ್ಬಿಣದ ಚಕ್ರದ ಮೇಲೆ ಕೂರಿಸಿದ ಸ್ಟೇನ್‌ಲೆಸ್ ಸ್ಟೀಲಿನ ಮುಖವಾಡ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಹಾಳಾದ ಚಕ್ರಗಳನ್ನು ನೋಡುತ್ತ ಹೋದರೆ, ಉಪ್ಪು ಕೆಸರು ತಿಂದದ್ದಕ್ಕಿಂತ ಮಾಲೀಕರ ಕೈಯೇ ಕೆಡಿಸಿದ್ದು ಹೆಚ್ಚು.

ಯಾವ ಚಕ್ರ, ಯಾವ ಮೇಲ್ಮೈ

ದೊಡ್ಡ ಡೀಸೆಲ್ ಕೋಚ್‌ಗಳಲ್ಲಿ ಸಾಮಾನ್ಯವಾಗಿ 22.5 ಇಂಚಿನ, ಹತ್ತು ನಟ್‌ಗಳ ಫೋರ್ಜ್ಡ್ ಅಲ್ಯೂಮಿನಿಯಂ ಚಕ್ರ ಇರುತ್ತದೆ. ಲಾರಿಗೆಂದು ಹುಟ್ಟಿದ ಚಕ್ರ ಇದು. ಮೊದಲ ಫೋರ್ಜ್ಡ್ ಅಲ್ಯೂಮಿನಿಯಂ ಲಾರಿ ಚಕ್ರವನ್ನು ಅಲ್ಕೋವಾ ಮಾಡಿದ್ದು 1948ರಲ್ಲಿ. ಆ ಹೆಸರಿನ ಚಕ್ರಗಳು ಈಗ ಹೌಮೆಟ್ ಏರೋಸ್ಪೇಸ್ ಕಂಪನಿಯಿಂದ ಬರುತ್ತವೆ. ಅಕ್ಯುರೈಡ್ ಇನ್ನೊಂದು ದೊಡ್ಡ ಹೆಸರು. ಇಡೀ ಗಟ್ಟಿಯನ್ನು ಒತ್ತಿ ರೂಪಕ್ಕೆ ತಂದಿರುವುದರಿಂದ ಒಳಗೂ ಹೊರಗೂ ಒಂದೇ ಲೋಹ. ಹಾಗಾಗಿ ಬರಿಯ ಮೇಲ್ಮೈ ಇದ್ದರೆ ಎಷ್ಟು ಸಲ ಬೇಕಾದರೂ ಹೊಳಪು ಮರಳಿ ತರಬಹುದು.

ಪರೀಕ್ಷೆ ಸುಲಭ. ಚಕ್ರದ ಮರೆಯಾದ ಒಂದು ಮೂಲೆಯನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಬಿಳಿಯ ಹತ್ತಿಬಟ್ಟೆಯ ತುದಿಗೆ ಹುಣಸೆಬೀಜದಷ್ಟು ಮೆಟಲ್ ಪಾಲಿಶ್ ತೆಗೆದುಕೊಂಡು ಅಲ್ಲಿ ಹತ್ತು ಸಲ ಉಜ್ಜಿ, ಬಟ್ಟೆ ತಿರುವಿ ನೋಡಿ. ಕಾಡಿಗೆ ಹಚ್ಚಿದಂತೆ ಕಪ್ಪಾಗಿದ್ದರೆ ಅದು ಬರಿಯ ಅಲ್ಯೂಮಿನಿಯಂ. ಸವೆದು ಬಂದ ಲೋಹದ ನುಣ್ಣನೆಯ ಕಣಗಳೇ ಆ ಕಪ್ಪು. ಬಟ್ಟೆ ಪಾಲಿಶಿನ ಬಣ್ಣದಲ್ಲೇ ಉಳಿದಿದ್ದರೆ ನಿಮ್ಮ ಕೈ ಲೋಹವನ್ನು ಮುಟ್ಟಿಯೇ ಇಲ್ಲ, ಮೇಲೆ ಏನೋ ಪದರ ಇದೆ. ಅಲ್ಲಿಗೇ ಉಜ್ಜುವುದನ್ನು ನಿಲ್ಲಿಸಿ.

ಆ ಪದರ ಯಾವುದು ಎಂಬುದಕ್ಕೆ ಚಕ್ರದ ಮೇಲಿನ ಮುದ್ರೆ ನೋಡಬೇಕು. ತಯಾರಕರ ಹೆಸರು, ಭಾಗಸಂಖ್ಯೆ, ತಯಾರಾದ ದಿನಾಂಕ, ಹೊರುವ ಭಾರದ ಮಿತಿ ಎಲ್ಲ ಅಲ್ಲೇ ಒತ್ತಿರುತ್ತಾರೆ. ಭಾಗಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿದರೆ ಮೇಲ್ಮೈಯ ಬಗೆ ಸಿಗುತ್ತದೆ. ಅಲ್ಕೋವಾದ ‘ಡ್ಯೂರಾ-ಬ್ರೈಟ್’ ಎಂಬುದು ಬಣ್ಣದಂತೆ ಮೇಲೆ ಕೂತ ಪದರವಲ್ಲ, ಲೋಹದ ಮೇಲ್ಮೈಯೊಂದಿಗೇ ಬೆಸೆದುಕೊಂಡ ಸಂಸ್ಕರಣೆ. ಇದಕ್ಕೆ ಪಾಲಿಶ್ ಬೇಡ, ವಾಟರ್ ಪೇಪರ್ (ನೀರಿನಲ್ಲಿ ನೆನೆಸಿ ಉಜ್ಜುವ ಮರಳುಕಾಗದ) ಬೇಡ, ಬಫ್ (ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸುವ ಬಟ್ಟೆಯ ಗಾಲಿ) ಅಂತೂ ಬೇಡವೇ ಬೇಡ. ಸೌಮ್ಯ ಸೋಪು, ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ಒಮ್ಮೆ ಉಜ್ಜಿ ಸವೆಸಿದರೆ ಮನೆಯಲ್ಲಿ ಅದನ್ನು ಮತ್ತೆ ತರುವ ದಾರಿ ಇಲ್ಲ. ಸವೆದ ಜಾಗ ಮುಂದೆ ಬರಿಯ ಅಲ್ಯೂಮಿನಿಯಂನಂತೆ ಮಬ್ಬಾಗುತ್ತ ಹೋಗುತ್ತದೆ, ಉಳಿದ ಭಾಗ ಹೊಳೆಯುತ್ತಿರುತ್ತದೆ. ತೇಪೆ ಹಾಕಿದ ಅಂಗಿಯಂತೆ ಕಾಣುತ್ತದೆ.

ಸ್ಪ್ರಿಂಟರ್‌ನಂಥ ವ್ಯಾನಿನ ಮೇಲೆ ಕಟ್ಟಿದ ಚಿಕ್ಕ ಮೋಟರ್‌ಹೋಮ್‌ಗಳ ಅಲಾಯ್ ಚಕ್ರಗಳು ಹೆಚ್ಚಾಗಿ ವಾರ್ನಿಶ್ ಬಳಿದವು. ಅವನ್ನು ಕಾರಿನ ಬಣ್ಣವನ್ನು ನೋಡಿಕೊಂಡಂತೆಯೇ ನೋಡಿಕೊಳ್ಳಬೇಕು. ಮೆಟಲ್ ಪಾಲಿಶಿಗೆ ಅಲ್ಲಿ ಕೆಲಸವಿಲ್ಲ.

ಮಬ್ಬು ಬರುವುದು ಹೇಗೆ

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣವೇ ತನ್ನ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ಲೋಹವನ್ನು ಕಾಯುವುದೂ ಇದೇ. ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 4ರಿಂದ 9ರ ನಡುವೆ ಇರುವವರೆಗೆ ಈ ಪದರ ಗಟ್ಟಿಯಾಗಿರುತ್ತದೆ. ಅದಕ್ಕಿಂತ ಹುಳಿಯಾದರೂ ಕರಗುತ್ತದೆ, ಅದಕ್ಕಿಂತ ಕ್ಷಾರವಾದರೂ ಕರಗುತ್ತದೆ. ನಮ್ಮ ಅಡುಗೆಮನೆಯ ಅಭ್ಯಾಸ ಇಲ್ಲಿ ಕೈಕೊಡುವುದು ಇದಕ್ಕೇ. ಹುಣಸೆಹಣ್ಣು ಹಚ್ಚಿದರೆ ತಾಮ್ರದ ಚೊಂಬು ಫಳಫಳ ಹೊಳೆಯುತ್ತದೆ. ಅಲ್ಯೂಮಿನಿಯಂ ಚಕ್ರಕ್ಕೆ ಹುಳಿ ಹಚ್ಚಿ ಬಿಟ್ಟರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಓವನ್ ಕ್ಲೀನರ್, ಕಾಸ್ಟಿಕ್ ಇರುವ ಡಿಗ್ರೀಸರ್ ತಾಕಿದರೂ ಅದೇ ಗತಿ.

ಚಳಿಗಾಲದಲ್ಲಿ ರಸ್ತೆಯ ಮಂಜು ಕರಗಿಸಲು ಎರಚುವ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ಇನ್ನೊಂದು ಶತ್ರು. ಇವು ಗಾಳಿಯ ತೇವವನ್ನು ಹೀರಿಕೊಂಡು ಒದ್ದೆಯಾಗಿಯೇ ಕೂತಿರುತ್ತವೆ. ಕ್ಲೋರೈಡ್ ಆ ಆಕ್ಸೈಡ್ ಪದರವನ್ನು ಚುಚ್ಚಿ ಒಳಗಿಳಿದಲ್ಲೆಲ್ಲ ಸಾಸಿವೆಯಂಥ ಕುಳಿ, ಅದರ ಬಾಯಲ್ಲಿ ಬಿಳಿ ಪುಡಿ. ಬ್ರೇಕಿನಿಂದ ಬಂದ ಕಬ್ಬಿಣದ ಧೂಳೂ ಸೇರಿದರೆ ಕಂದು ಚುಕ್ಕೆ. ಸಮುದ್ರದಂಡೆಯ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೂ ಇದೇ ಪಾಡು, ರಸ್ತೆಗೆ ಇಳಿಯದಿದ್ದರೂ.

ಬೇಕಾದ ಸಾಮಾನು

ನಾಲ್ಕು ಚಕ್ರಕ್ಕೆ, ಅಂದರೆ ಮುಂದಿನ ಎರಡು ಮತ್ತು ಹಿಂದಿನ ಜೋಡಿಗಳ ಹೊರಗಿನ ಎರಡಕ್ಕೆ, ಈ ಲೆಕ್ಕ ಸಾಕು. (ಜೋಡಿಯ ಒಳಚಕ್ರ ಎಷ್ಟೋ ಗಾಡಿಗಳಲ್ಲಿ ಕಬ್ಬಿಣದ್ದೇ, ಅದನ್ನು ಹೊಳೆಸಿ ಯಾರಿಗೆ ತೋರಿಸಬೇಕು?) ವಾಟರ್ ಪೇಪರ್ 400, 600, 800, 1000, 1500, 2000 ನಂಬರಿನವು ತಲಾ ನಾಲ್ಕು ಹಾಳೆ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು). ವೇಗ ಬದಲಿಸಬಹುದಾದ 7 ಇಂಚಿನ ರೋಟರಿ ಪಾಲಿಶರ್. ಅದಕ್ಕೆ ಹೊಂದುವ, ಮಡಿಕೆ ಮಡಿಕೆಯಾಗಿ ಹೊಲಿದ 8 ಇಂಚಿನ ಹತ್ತಿಯ ಬಫ್ ಎರಡು. ಬಫ್‌ಗೆ ಹಚ್ಚುವ ಪಾಲಿಶಿನ ಗಟ್ಟಿಗಳು: ಲೋಹ ಸವೆಸುವ ಕಂದು ಟ್ರಿಪೊಲಿ ಬಾರ್ ಒಂದು, ಕೊನೆಯ ಹೊಳಪಿಗೆ ಹಸಿರು ಅಥವಾ ಬಿಳಿ ಫಿನಿಶಿಂಗ್ ಬಾರ್ ಒಂದು. ಕೈಯಿಂದ ಹಚ್ಚುವ ಪೇಸ್ಟ್ ಪಾಲಿಶ್ 5 ಔನ್ಸಿನ, ಅಂದರೆ ಸುಮಾರು 140 ಗ್ರಾಮಿನ ಡಬ್ಬಿ ಒಂದು. ಮದರ್ಸ್, ಫ್ಲಿಟ್ಸ್, ವೆನೋಲ್ ಯಾವುದಾದರೂ ನಡೆಯುತ್ತದೆ, ಬ್ರ್ಯಾಂಡ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಬಟ್ಟೆ ಚೊಕ್ಕಟವಾಗಿದೆಯೇ ಎಂಬುದು ದೊಡ್ಡದು. ಹನ್ನೆರಡು ಮೈಕ್ರೋಫೈಬರ್ ಬಟ್ಟೆ, ಹಳೆಯ ಹತ್ತಿ ಬನಿಯನ್ನುಗಳು, ಒಂದು ಬಟ್ಟಲು ಮೈದಾಹಿಟ್ಟು. ಹಿಟ್ಟು ಯಾಕೆಂದು ಆಮೇಲೆ.

ಬಫ್ ಕೊಳ್ಳುವಾಗ ಅದರ ಮೇಲೆ ಬರೆದ ಗರಿಷ್ಠ ವೇಗವನ್ನೂ ನಿಮ್ಮ ಮೆಷಿನ್ನಿನ ಗರಿಷ್ಠ ವೇಗವನ್ನೂ ಹೋಲಿಸಿ. ನಿಮಿಷಕ್ಕೆ 11,000 ಸುತ್ತು ತಿರುಗುವ ಚಿಕ್ಕ ಆ್ಯಂಗಲ್ ಗ್ರೈಂಡರಿಗೆ 8 ಇಂಚಿನ ಬಫ್ ಸಿಕ್ಕಿಸಿದರೆ ಬಟ್ಟೆ ಚಿಂದಿಯಾಗಿ ಹಾರುತ್ತದೆ, ಕೈಗೂ ಕಣ್ಣಿಗೂ ಅಪಾಯ. ಕೆಲಸ ಆಗುವುದು 2000ದಿಂದ 3000 ಸುತ್ತಿನಲ್ಲಿ.

ಹಿಂದೆ ಕಬ್ಬಿಣಕ್ಕೋ ಸ್ಟೀಲಿಗೋ ಬಳಸಿದ ಬಫ್ ಅಲ್ಯೂಮಿನಿಯಂಗೆ ಬೇಡ. ಅದರಲ್ಲಿ ಸಿಕ್ಕಿಕೊಂಡ ಕಬ್ಬಿಣದ ಕಣ ಮೆತ್ತನೆಯ ಅಲ್ಯೂಮಿನಿಯಂನೊಳಗೆ ಹೂತುಕೊಂಡು ಒಂದೆರಡು ಮಳೆಯಾದ ಮೇಲೆ ತುಕ್ಕಿನ ಚುಕ್ಕೆಯಾಗಿ ಎದ್ದು ಬರುತ್ತದೆ. ಹಾಗೆಯೇ ಅಲ್ಯೂಮಿನಿಯಂ ಧೂಳು ಬಿದ್ದಿರುವ ಜಾಗದಲ್ಲಿ ಕಬ್ಬಿಣ ಗ್ರೈಂಡ್ ಮಾಡಿ ಕಿಡಿ ಹಾರಿಸಬೇಡಿ; ಆ ನುಣ್ಣನೆಯ ಧೂಳು ಹೊತ್ತಿಕೊಳ್ಳುತ್ತದೆ. ಕನ್ನಡಕ, ಧೂಳು ತಡೆಯುವ ಮಾಸ್ಕ್ ಕಡ್ಡಾಯ. ಸಡಿಲ ತೋಳಿನ ಅಂಗಿ, ಕೊರಳಿನ ದಾರ, ಬಿಟ್ಟ ಕೂದಲು ತಿರುಗುವ ಬಫ್ ಹತ್ತಿರ ಬರಬಾರದು.

ನಿಲ್ಲಿಸುವುದು, ತೊಳೆಯುವುದು

ಸಮತಟ್ಟಾದ ಗಟ್ಟಿ ನೆಲ, ನೆರಳು. ಪಾರ್ಕಿಂಗ್ ಬ್ರೇಕ್ ಹಾಕಿ, ಕೆಲಸ ಮಾಡದ ಚಕ್ರಗಳಿಗೆ ಹಿಂದೂ ಮುಂದೂ ಅಡೆ ಕೊಡಿ. ಚಕ್ರ ಬಿಚ್ಚಬೇಕಿಲ್ಲ, ಜ್ಯಾಕ್ ಕೊಡಬೇಕಿಲ್ಲ. ಕೆಳಗಿನ ಅರ್ಧಕ್ಕೆ ಕೈ ಸರಿಯಾಗಿ ಹೋಗದಿದ್ದರೆ ಗಾಡಿಯನ್ನೇ ಐದಡಿ ಮುಂದೆ ಬಿಡಿ, 22.5 ಇಂಚಿನ ಚಕ್ರಕ್ಕೆ ಹಾಕುವ ಟೈರಿನ ಸುತ್ತಳತೆ ಹತ್ತಡಿಗಿಂತ ಸ್ವಲ್ಪ ಹೆಚ್ಚು, ಹಾಗಾಗಿ ಕೆಳಗಿದ್ದದ್ದು ಮೇಲೆ ಬಂದಿರುತ್ತದೆ. ನಿಂತ ಗಾಡಿಯನ್ನು ಮಟ್ಟಸವಾಗಿಸುವ ಲೆವೆಲಿಂಗ್ ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಕ್ಯಾಂಪ್‌ಗ್ರೌಂಡಿನಲ್ಲಿ ಇದ್ದರೆ ಮೊದಲು ಕಚೇರಿಯಲ್ಲಿ ಕೇಳಿ. ಗಾಡಿ ತೊಳೆಯಲು ಎಷ್ಟೋ ಕಡೆ ಬಿಡುವುದಿಲ್ಲ.

ಚಕ್ರ ಕೈಗೆ ತಣ್ಣಗೆ ಹತ್ತಬೇಕು. ಘಾಟಿ ಇಳಿದು ಬಂದ ಕೂಡಲೆ ನೀರು ಹಾಕಿದರೆ ಸೋಪು ಅಲ್ಲೇ ಒಣಗಿ ಕಲೆ ಕೂರುತ್ತದೆ. ವಾಲ್ವಿನ ಮೇಲೆ ಟೈರ್ ಒತ್ತಡದ ಸೆನ್ಸರ್ ಇದ್ದರೆ ಬಿಚ್ಚಿ, ವಾಲ್ವಿಗೆ ಮಾಮೂಲಿ ಮುಚ್ಚಳ ಹಾಕಿ. ಹೊಳೆಯುವ ನಟ್ ಟೋಪಿಗಳನ್ನೂ, ಚಕ್ರ ಕೂರುವ ನಡುಭಾಗವಾದ ಹಬ್‌ನ ಮುಚ್ಚಳವನ್ನೂ ತೆಗೆದಿಡಿ. ಆದರೆ ಹಬ್‌ನ ಎಣ್ಣೆ ನಿಲ್ಲಿಸುವ, ಗಾಜಿನ ಕಿಟಕಿಯಂಥ ಮುಚ್ಚಳ ಇದ್ದರೆ ಅದನ್ನು ಮುಟ್ಟಬೇಡಿ, ಅದು ಅಲಂಕಾರದ್ದಲ್ಲ.

ಎರಡು ಬಕೆಟ್ ಇಡಿ, ಒಂದರಲ್ಲಿ ಕಾರಿನ ಶಾಂಪೂ, ಒಂದರಲ್ಲಿ ಬರಿಯ ನೀರು. ಚಕ್ರಕ್ಕೆ ಬಳಸಿದ ಬಟ್ಟೆ ಗಾಡಿಯ ಬಣ್ಣಕ್ಕೆ ಬರಬಾರದು. ಕೈಹಾಕುವ ಕಿಂಡಿಗಳ ಒಳಗೆ, ನಟ್‌ಗಳ ಸುತ್ತ, ರಿಮ್ ಟೈರನ್ನು ಸೇರುವ ಅಂಚಿನಲ್ಲಿ ಮೆತ್ತನೆಯ ಬ್ರಷ್ ಆಡಿಸಿ. ಗ್ರೀಸಿನ ಜಿಡ್ಡಿದ್ದರೆ ಮಿನರಲ್ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಸೋಪುನೀರು ಹಾಕಿ. ಇಲ್ಲಿ ಉಳಿದ ಒಂದೇ ಒಂದು ಮರಳಿನ ಕಾಳು ಮುಂದೆ ಬಫ್‌ನಡಿ ಸಿಕ್ಕಿ ಅರ್ಧ ಗಂಟೆಯ ಕೆಲಸ ಕೆಡಿಸುತ್ತದೆ.

ಹೆದ್ದಾರಿ ಬದಿಯ ಲಾರಿ ತೊಳೆಯುವ ಕೇಂದ್ರಗಳಲ್ಲಿ ಅಲ್ಯೂಮಿನಿಯಂ ‘ಬ್ರೈಟ್‌ನರ್’ ಹಾಕಲೇ ಎಂದು ಕೇಳುತ್ತಾರೆ. ಬೇಡ ಅನ್ನಿ. ಅಂಥ ದ್ರವಗಳಲ್ಲಿ ಹಲವದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಕೊಳೆ ಕಣ್ಣೆದುರೇ ಕರಗಿ ಚಕ್ರ ಬೆಳ್ಳಗಾಗುತ್ತದೆ, ನಿಜ. ಆ ಬಿಳುಪು ಹೊಳಪಲ್ಲ, ಆಮ್ಲ ತಿಂದು ಒರಟಾದ ಲೋಹ. ಚರ್ಮಕ್ಕೆ ತಾಕಿದರೆ ಮೊದಲು ನೋವೇ ಗೊತ್ತಾಗದೆ ಒಳಗಿಳಿದು ಮೂಳೆಯವರೆಗೂ ಸುಡಬಲ್ಲದು. ಮನೆಗೆ ತರುವ ಯಾವ ವೀಲ್ ಕ್ಲೀನರ್ ಬಾಟಲಿಯಲ್ಲೂ ಆ ಹೆಸರಿದ್ದರೆ ಕಪಾಟಿಗೇ ವಾಪಸ್ ಇಡಿ.

ವಾಟರ್ ಪೇಪರ್: ಎಲ್ಲಿಂದ ಶುರು

ಪೇಪರ್ ಬೇಕೇ ಬೇಡವೇ ಎಂದು ಉಗುರು ಹೇಳುತ್ತದೆ. ಉಗುರಿನ ತುದಿಯನ್ನು ಮೇಲ್ಮೈ ಮೇಲೆ ಎಳೆಯಿರಿ. ಎಲ್ಲೂ ತಡೆಯದೆ ಜಾರಿದರೆ ಅದು ಬರಿಯ ಮಬ್ಬು, ನೇರ ಬಫ್‌ಗೆ ಹೋಗಬಹುದು. ಸಣ್ಣಗೆ ಗರಗರ ಅಂದರೆ 800ರಿಂದ ಶುರು. ಕುಳಿಗೆ, ಗೀರಿಗೆ ಉಗುರು ಸಿಕ್ಕಿಕೊಂಡರೆ 400. ಅದಕ್ಕಿಂತ ಒರಟು ಪೇಪರ್ ಹಿಡಿದರೆ ಅದು ಮಾಡುವ ಗೀರುಗಳನ್ನು ತೆಗೆಯುವುದೇ ಒಂದು ದಿನದ ಕೆಲಸ.

ಬಕೆಟ್ ನೀರಿಗೆ ನಾಲ್ಕು ಹನಿ ಸೋಪು ಹಾಕಿ ಪೇಪರನ್ನು ಹತ್ತು ನಿಮಿಷ ನೆನೆಹಾಕಿ. ರಬ್ಬರ್ ತುಂಡಿಗೆ ಸುತ್ತಿ ಹಿಡಿಯಿರಿ. ಬರಿಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡ ಬಿದ್ದಲ್ಲಿ ತಗ್ಗು ಬಿದ್ದು, ಹೊಳಪು ಬಂದ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ. ಒಂದು ನಂಬರಿನಲ್ಲಿ ಚಕ್ರದ ಸುತ್ತಿನ ದಿಕ್ಕಿಗೆ ಉಜ್ಜಿದರೆ ಮುಂದಿನ ನಂಬರಿನಲ್ಲಿ ಅಡ್ಡಕ್ಕೆ, ನಡುವಿನಿಂದ ಅಂಚಿಗೆ. ಹಿಂದಿನ ದಿಕ್ಕಿನ ಗೆರೆ ಒಂದೂ ಕಾಣದಿದ್ದಾಗಲೇ ಮುಂದಿನ ನಂಬರ್. ನಂಬರ್ ಬದಲಿಸಿದಾಗಲೆಲ್ಲ ಚಕ್ರವನ್ನೂ ತೊಳೆಯಿರಿ, ಬಕೆಟ್ ನೀರನ್ನೂ ಚೆಲ್ಲಿ. ಇದನ್ನು ಹಾರಿಸುವವರೇ ಹೆಚ್ಚು. 400ರ ಒಂದು ಕಣ 1500ರ ಬಕೆಟ್ಟಿನಲ್ಲಿ ಉಳಿದಿದ್ದರೆ ಬಫ್ ಮಾಡಿದ ಮೇಲೆ ಕನ್ನಡಿಯ ನಡುವೆ ಒಂಟಿ ಗೀರು ಮಿಂಚುತ್ತದೆ, ಮತ್ತೆ ಹಿಂದಕ್ಕೆ.

ಆಳದ ಕುಳಿಗಳನ್ನು ಪೂರ್ತಿ ತೆಗೆದೇ ತೀರುವೆನೆಂಬ ಹಟ ಬೇಡ. ಇದು ಟನ್‌ಗಟ್ಟಲೆ ಭಾರ ಹೊರುವ ಭಾಗ, ಲೋಹ ತೆಳುವಾದಷ್ಟೂ ನಷ್ಟ ನಿಮಗೇ. ಪೇಪರ್ ತಾಕಲೇಬಾರದ ಜಾಗಗಳೂ ಇವೆ. ನಟ್ ಕೂರುವ ಸಮತಟ್ಟು ಮುಖ, ಚಕ್ರ ಹಬ್‌ಗೆ ಅಂಟುವ ಹಿಂಭಾಗ, ಟೈರ್ ಕೂರುವ ಅಂಚಿನ ಒಳಭಾಗ. ಅಲ್ಲಿ ಅಳತೆ ಕಾರ್ಖಾನೆಯದ್ದೇ ಇರಬೇಕು.

ಬಫ್ ಹೊಡೆಯುವ ಕೈಚಳಕ

ಟೈರಿನ ಪಕ್ಕಕ್ಕೆ ಮಾಸ್ಕಿಂಗ್ ಟೇಪಿನಲ್ಲಿ ಹಳೆ ಕಾಗದ ಅಂಟಿಸಿ. ಕಿಂಡಿಗಳ ಹಿಂದೆ ಬ್ರೇಕ್ ಡಿಸ್ಕ್ ಕಾಣುತ್ತಿದ್ದರೆ ಅಲ್ಲಿಗೂ ಪ್ಲಾಸ್ಟಿಕ್ ತುರುಕಿ, ಮುಗಿದ ಮೇಲೆ ತೆಗೆಯಲು ಮರೆಯದಿರಲು ಒಂದು ತುದಿ ಹೊರಗೆ ಬಿಡಿ. ಟ್ರಿಪೊಲಿ ಬಾರಿನಲ್ಲಿ ಮೇಣ, ಕೊಬ್ಬು ಇರುತ್ತದೆ. ಬ್ರೇಕ್ ಪ್ಯಾಡಿಗೆ ಅದು ಸಿಡಿಯಬಾರದು.

ಮೊದಲು ಕಂದು ಬಾರ್. ಮೆಷಿನ್ ತಿರುಗುತ್ತಿರುವಾಗ ಬಾರನ್ನು ಬಫ್‌ಗೆ ಎರಡು ಸೆಕೆಂಡ್ ತಾಕಿಸಿದರೆ ಸಾಕು. ಒಂದು ಗೇಣಿನ ಚೌಕದಷ್ಟು ಜಾಗ ಆಯ್ದುಕೊಳ್ಳಿ. ಕೆಲಸ ಎರಡು ಹೊಡೆತದಲ್ಲಿ ಆಗುತ್ತದೆ. ಬಫ್ ತಿರುಗುವ ದಿಕ್ಕಿಗೆ ಎದುರಾಗಿ, ಸ್ವಲ್ಪ ಒತ್ತಿ, ನಿಧಾನ ಎಳೆದರೆ ಲೋಹ ಸವೆಯುತ್ತದೆ. ತಿರುಗುವ ದಿಕ್ಕಿನಲ್ಲೇ, ಮೆಷಿನ್ನಿನ ತೂಕ ಮಾತ್ರ ಬಿಟ್ಟು, ಬೇಗ ಎಳೆದರೆ ಹೊಳಪು ಏಳುತ್ತದೆ. ಮೊದಲು ಅದು, ಆಮೇಲೆ ಇದು.

ಬಫ್‌ನ ಯಾವ ಭಾಗ ಎಲ್ಲಿ ತಾಕುತ್ತಿದೆ ಎಂಬುದರ ಮೇಲೆ ಸದಾ ಕಣ್ಣಿರಲಿ. ಕಿಂಡಿಯ ಅಂಚಿನ ಹತ್ತಿರ ಬಂದಾಗ ಬಟ್ಟೆ ಅಂಚಿನಿಂದ ಆಚೆಗೆ ಜಾರಿಹೋಗುವಂತೆ ಮೆಷಿನ್ ಓರೆ ಮಾಡಬೇಕು. ಅಂಚಿಗೆ ಎದುರಾಗಿ ಹೊಡೆಯುವಂತೆ ಹಿಡಿದರೆ ಬಟ್ಟೆ ಅಲ್ಲಿ ಸಿಕ್ಕಿ, ಮೆಷಿನ್ ಕೈಯಿಂದ ಕಿತ್ತುಕೊಂಡು ಮುಖದ ಕಡೆ ಒದೆಯುತ್ತದೆ. ವಾಲ್ವಿನ ಕಾಂಡ, ಚಾಚಿಕೊಂಡ ಬೋಲ್ಟ್, ಸಮತೋಲನಕ್ಕೆ ಸಿಕ್ಕಿಸಿದ ತೂಕದ ತುಂಡು, ಇವುಗಳ ಸುತ್ತ ಎರಡಿಂಚು ಬಿಟ್ಟುಬಿಡಿ. ಆ ಜಾಗಕ್ಕೆ ಡ್ರಿಲ್‌ಗೆ ಸಿಕ್ಕಿಸುವ ಸ್ಪಂಜಿನ ಚೆಂಡೋ ಬರಿಗೈಯೋ ಆಗಬಹುದು.

ಆಗಾಗ ನಿಲ್ಲಿಸಿ ಲೋಹ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಅಂಗೈ ಇಡಲಾಗದಷ್ಟು ಸುಡುತ್ತಿದ್ದರೆ ಒತ್ತಡ ಹೆಚ್ಚಾಯಿತು. ಕಪ್ಪು ಗೆರೆಗಳು ಬೀಳತೊಡಗಿದರೆ ಬಫ್‌ನಲ್ಲಿ ಬಾರ್ ಜಾಸ್ತಿ ತುಂಬಿದೆ. ಬಫ್ ಕೆರೆಯುವ ಹಲ್ಲುಹಲ್ಲಿನ ರೇಕ್ ಅಥವಾ ಹಳೆ ಗರಗಸದ ಬ್ಲೇಡಿನ ಅಂಚನ್ನು ತಿರುಗುವ ಬಟ್ಟೆಗೆ ಮೆಲ್ಲಗೆ ತಾಕಿಸಿ ಅದನ್ನು ಕೆರೆದು ತೆಗೆಯಿರಿ.

ಕಂದು ಮುಗಿದ ಮೇಲೆ ಇಡೀ ಚಕ್ರ ಒರೆಸಿ, ಇನ್ನೊಂದು ಬಫ್ ಹಾಕಿ ಹಸಿರು ಅಥವಾ ಬಿಳಿ ಬಾರ್. ಒಂದೇ ಬಫ್‌ಗೆ ಎರಡೂ ಬಾರ್ ಹಚ್ಚುವ ಉಳಿತಾಯ ಲಾಭದ್ದಲ್ಲ. ಕಂದಿನ ದಪ್ಪ ಕಣಗಳು ಅಲ್ಲೇ ಇರುತ್ತವೆ, ಎಷ್ಟು ಉಜ್ಜಿದರೂ ತೆಳು ಮಂಜಿನ ಪೊರೆ ಬಿಡುವುದಿಲ್ಲ.

ಕೈ ಪಾಲಿಶ್, ಹಿಟ್ಟು, ವ್ಯಾಕ್ಸ್

ಕೊನೆಯ ಹಂತ ಕೈಯದೇ. ಗೇಣಗಲ ಜಾಗಕ್ಕೆ ಹುಣಸೆಬೀಜದಷ್ಟು ಪೇಸ್ಟ್. ಕಪ್ಪು ಏಳುವವರೆಗೆ ಉಜ್ಜಿ, ಒಣಗುವ ಮೊದಲೇ ಚೊಕ್ಕ ಬಟ್ಟೆಯಿಂದ ಒರೆಸಿ. ಒಣಗಿ ಗಟ್ಟಿಯಾದರೆ ಅದರ ಮೇಲೆ ಇನ್ನಷ್ಟು ಪೇಸ್ಟ್ ಹಚ್ಚಿ ಕೂಡಲೆ ಒರೆಸಿದರೆ ಬಿಡುತ್ತದೆ. ಬಟ್ಟೆ ಕಪ್ಪಾದ ಹಾಗೆ ಮಡಿಕೆ ಬದಲಿಸುತ್ತಿರಿ.

ಎಷ್ಟು ಒರೆಸಿದರೂ ತೆಳ್ಳಗೆ ಜಿಡ್ಡಿನ ಕಪ್ಪು ಉಳಿಯುತ್ತದೆ. ಇದಕ್ಕೆ ಅಮೆರಿಕದ ಲಾರಿಯವರ ಹಳೆಯ ಉಪಾಯ ಹಿಟ್ಟು. ಒಣ ಮೈಕ್ರೋಫೈಬರ್ ಮೇಲೆ ಒಂದು ಚಿಟಿಕೆ ಮೈದಾ ಅಥವಾ ಮೆಕ್ಕೆಜೋಳದ ಪಿಷ್ಟ ಉದುರಿಸಿ ಮೆಲ್ಲಗೆ ಉಜ್ಜಿದರೆ ಜಿಡ್ಡನ್ನು ಹಿಟ್ಟು ಹೀರಿಕೊಂಡು ಬೂದಿ ಬಣ್ಣದ ಪುಡಿಯಾಗಿ ಉದುರುತ್ತದೆ, ಕೆಳಗೆ ಕನ್ನಡಿ. ಅಕ್ಕಿಹಿಟ್ಟು, ರವೆ ಬೇಡ, ತರಿ ಇರುತ್ತದೆ. ಮುಗಿದ ಮೇಲೆ ಕಿಂಡಿಗಳಲ್ಲಿ ಹಿಟ್ಟು ಉಳಿಯದಂತೆ ಊದಿ ತೆಗೆಯಿರಿ. ತೇವ ಹಿಡಿದು ಅಂಟಾಗುತ್ತದೆ, ಕ್ಯಾಂಪಿನಲ್ಲಾದರೆ ಇರುವೆಗೂ ಔತಣ.

ಹೀಗೆ ಬಿಚ್ಚಿಟ್ಟ ಲೋಹವನ್ನು ಅದೇ ದಿನ ಮುಚ್ಚಬೇಕು. ಕಾರ್ನೌಬಾ ವ್ಯಾಕ್ಸ್ ಹಚ್ಚಿದರೆ ನೋಟ ಚೆನ್ನ, ಆದರೆ ಬ್ರೇಕಿನ ಬಿಸಿಗೆ ಮತ್ತು ತೊಳೆತಕ್ಕೆ ತಿಂಗಳೆರಡು ತಿಂಗಳಲ್ಲಿ ಹೋಗುತ್ತದೆ. ಲೋಹಕ್ಕೆಂದೇ ಮಾಡಿದ ಸಿಂಥೆಟಿಕ್ ಸೀಲಂಟ್ ಹೆಚ್ಚು ದಿನ ನಿಲ್ಲುತ್ತದೆ, ಹೊಳಪು ಕೂದಲೆಳೆಯಷ್ಟು ಕಡಿಮೆ. ಉಪ್ಪಿನ ರಸ್ತೆಯಲ್ಲಿ ಓಡುವ ಗಾಡಿಗೆ ನಮ್ಮ ಮತ ಸೀಲಂಟಿಗೇ. ಯಾವುದಾದರೂ ಎರಡು ತೆಳು ಪದರ, ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡುವು. ಸೀಲಂಟ್ ಹಚ್ಚುವ ಮೊದಲು ಪಾಲಿಶಿನ ಎಣ್ಣೆ ಹೋಗುವಂತೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು, ಇಲ್ಲದಿದ್ದರೆ ಅದು ಅಂಟುವುದಿಲ್ಲ.

400ರಿಂದ ಶುರು ಮಾಡಿದರೆ ಒಂದು ಚಕ್ರಕ್ಕೆ ಅರ್ಧ ದಿನ ಹಿಡಿಯುತ್ತದೆ. ದಿನಕ್ಕೆ ಎರಡೇ ಚಕ್ರ ಎಂದು ಯೋಜನೆ ಹಾಕಿ. ಮೂರನೆಯದರ ಹೊತ್ತಿಗೆ ತೋಳು ಸೋತು ಬಫ್ ಅಂಚಿಗೆ ಸಿಕ್ಕುವುದು ಆಗಲೇ.

ವಾರ್ನಿಶ್ ಎದ್ದ ಚಕ್ರ

ವಾರ್ನಿಶಿನಡಿ ಹುಳು ಹರಿದಂಥ ಬಿಳಿ ಗೆರೆಗಳು ಕಂಡರೆ ಎಲ್ಲೋ ಒಂದು ಕಲ್ಲೇಟಿನಿಂದ ನೀರು ಒಳಗೆ ಹೋಗಿದೆ ಎಂದರ್ಥ. ಮೇಲಿಂದ ಏನು ಹಚ್ಚಿದರೂ ಆ ಗೆರೆ ಬೆಳೆಯುತ್ತಲೇ ಇರುತ್ತದೆ. ಅಲ್ಯೂಮಿನಿಯಂಗೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವ ಜೆಲ್ ಸ್ಟ್ರಿಪ್ಪರ್ ಬಳಿದು, ಡಬ್ಬಿ ಹೇಳಿದಷ್ಟು ಹೊತ್ತು ಬಿಟ್ಟು, ಕೆರೆಯುವ ಪ್ಲಾಸ್ಟಿಕ್ ಪಟ್ಟಿಯಿಂದ ವಾರ್ನಿಶ್ ಎಬ್ಬಿಸಬೇಕು. ಟೈರನ್ನು ಚೆನ್ನಾಗಿ ಮುಚ್ಚಿ. ಆಮೇಲೆ ಮೇಲಿನ ಕ್ರಮವೇ. ಒಂದು ಮಾತು: ವಾರ್ನಿಶ್ ತೆಗೆದ ಚಕ್ರ ಇನ್ನು ಮುಂದೆ ವರ್ಷಕ್ಕೆ ಮೂರು ನಾಲ್ಕು ಸಲ ನಿಮ್ಮ ಕೈ ಬೇಡುತ್ತದೆ. ಅಷ್ಟು ಪುರುಸೊತ್ತಿಲ್ಲದವರು ಚಕ್ರದ ಅಂಗಡಿಗೆ ಕೊಟ್ಟು ಮತ್ತೆ ವಾರ್ನಿಶ್ ಮಾಡಿಸುವುದು ಮೇಲು. ಬಿಸಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಮಾತ್ರ ಫೋರ್ಜ್ಡ್ ಚಕ್ರಕ್ಕೆ ಬೇಡ. ಶಾಖದಿಂದ ಬಂದ ಗಟ್ಟಿತನ ಶಾಖದಿಂದಲೇ ಹೋಗುತ್ತದೆ.

ಕ್ರೋಮ್, ಸ್ಟೀಲಿನ ಮುಖವಾಡ

ಕ್ರೋಮ್‌ಗೆ ಸೋಪು ಮತ್ತು ವ್ಯಾಕ್ಸ್ ಸಾಕು. ಲೇಪ ಹೊಟ್ಟೆದ್ದು ಬಿಟ್ಟಿದ್ದರೆ ಪಾಲಿಶಿನಿಂದ ಉಪಯೋಗವಿಲ್ಲ.

ಫೋರ್ಡ್ ಇ-450ಯಂಥ ವ್ಯಾನ್ ಚಾಸಿಯ ಮೇಲಿನ ಮಧ್ಯಮ ಗಾತ್ರದ ಮೋಟರ್‌ಹೋಮ್‌ಗಳಲ್ಲಿ ಹೊಳೆಯುವುದು ಹೆಚ್ಚಾಗಿ ಚಕ್ರವಲ್ಲ, ಅದರ ಮೇಲೆ ಸಿಕ್ಕಿಸಿದ ಸ್ಟೇನ್‌ಲೆಸ್ ಲೈನರ್. ಇದಕ್ಕೆ ಟ್ರಿಪೊಲಿ ಬೇಡ, ಪಾತ್ರೆ ಉಜ್ಜುವ ಹಸಿರು ನಾರು ಮೊದಲೇ ಬೇಡ. ಕನ್ನಡಿ ಹೊಳಪಿಗೆ ಗೀರು ಬಿದ್ದರೆ ಹೋಗುವುದಿಲ್ಲ. ಚಹಾ ಬಣ್ಣದ ಕಲೆ ಬಂದಿದ್ದರೆ ಆಕ್ಸಾಲಿಕ್ ಆಮ್ಲ ಇರುವ ಬಾರ್ ಕೀಪರ್ಸ್ ಫ್ರೆಂಡ್ ಪುಡಿಯನ್ನು ನೀರಲ್ಲಿ ಕಲಸಿ ಮೆತ್ತಗೆ ಹಚ್ಚಿ, ಒಂದು ನಿಮಿಷದೊಳಗೆ ತೊಳೆದುಬಿಡಿ.

ಲೈನರ್‌ನ ನಿಜವಾದ ತೊಂದರೆ ಅದು ಮುಚ್ಚಿಡುವುದರಲ್ಲಿದೆ. ಅದರಡಿಯ ಕಬ್ಬಿಣದ ಚಕ್ರ ತುಕ್ಕು ಹಿಡಿದರೂ, ನಟ್ ಸಡಿಲವಾದರೂ ಹೊರಗೆ ಫಳಫಳ. ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡಬೇಕು. ಒಳಚಕ್ರದ ವಾಲ್ವಿಗೆ ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿದ್ದರೆ ಲೈನರ್‌ಗೆ ಬಿಗಿಯುವ ತುದಿಯಲ್ಲಿ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಗಾಳಿ ಸೋರುವುದು ಅಲ್ಲೇ ಹೆಚ್ಚು.

ಹೊಳಪು ಉಳಿಸಿಕೊಳ್ಳಲು

ಬರಿಯ ಅಲ್ಯೂಮಿನಿಯಂನ್ನು ಪ್ರತಿ ದೊಡ್ಡ ಪ್ರಯಾಣದ ನಂತರ ತೊಳೆದು ಒಣಗಿಸಿದರೆ ಪೇಪರ್ ಮತ್ತೆ ಮುಟ್ಟುವ ಪ್ರಸಂಗ ವರ್ಷಗಟ್ಟಲೆ ಬರುವುದಿಲ್ಲ. ಒಣಗಿಸುವುದು ಮುಖ್ಯ. ತೊಳೆದು ಹಾಗೇ ಬಿಟ್ಟ ನೀರಿನ ಸುಣ್ಣದಂಶ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಉಪ್ಪು ಹಾಕಿದ ರಸ್ತೆಯಲ್ಲಿ ಹೋಗಿದ್ದರೆ ಅದೇ ಸಂಜೆ ಬರಿಯ ನೀರಾದರೂ ಹರಿಸಿ, ಕಿಂಡಿಯ ಒಳಭಾಗಕ್ಕೂ. ಮೂರು ತಿಂಗಳಿಗೊಮ್ಮೆ ಕೈ ಪಾಲಿಶ್ ಮತ್ತು ಸೀಲಂಟ್, ಚಕ್ರಕ್ಕೆ ಇಪ್ಪತ್ತು ನಿಮಿಷ. ನೀರು ಎರಚಿದಾಗ ಮುತ್ತಾಗಿ ಉರುಳದೆ ಹಾಳೆಯಂತೆ ಹರಡಿಕೊಂಡರೆ ಸೀಲಂಟ್ ಹೋಗಿದೆ, ಮೂರು ತಿಂಗಳು ಕಾಯಬೇಡಿ.

ಚಳಿಗಾಲಕ್ಕೆ ಗಾಡಿ ನಿಲ್ಲಿಸಿಡುವಾಗ ಹುಲ್ಲಿನ ಮೇಲೆ ಬೇಡ. ಟೈರ್ ಹೊದಿಕೆ ಹಾಕುವುದಾದರೆ ಕೆಳಗೆ ಗಾಳಿಯಾಡುವಂಥದ್ದು ಇರಲಿ, ಚಕ್ರ ಪೂರ್ತಿ ಒಣಗಿದ ಮೇಲೆ ಹಾಕಿ.

ಉಜ್ಜುತ್ತ ಕೂತಾಗ ನೋಡಬೇಕಾದದ್ದು

ಚಕ್ರದ ಇಷ್ಟು ಹತ್ತಿರ ಮುಖವಿಟ್ಟು ಕೂರುವ ಸಂದರ್ಭ ಬೇರೆ ಸಿಗುವುದಿಲ್ಲ, ಉಪಯೋಗಿಸಿಕೊಳ್ಳಿ. ನಟ್‌ನಿಂದ ಹೊರಟು ಕಿರಣದಂತೆ ಚಾಚಿದ ತುಕ್ಕಿನ ಗೆರೆ ಇದ್ದರೆ ಆ ನಟ್ ಸಡಿಲವಾಗಿ ಅಲುಗಿರಬಹುದು, ಒರೆಸಿ ಮರೆಯಬೇಡಿ. ಬೋಲ್ಟ್ ತೂತಿನ ಸುತ್ತ, ಕಿಂಡಿಯ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಪಾಲಿಶಿನ ಕಪ್ಪು ಬಿರುಕಿನೊಳಗೆ ನಿಂತು ಒರೆಸಿದರೂ ಹೋಗದ ಗೆರೆಯಾಗಿ ಕಾಣುತ್ತದೆ. ಬಿರುಕು ಬಿಟ್ಟ ಚಕ್ರಕ್ಕೆ ಬೆಸುಗೆ ಇಲ್ಲ, ಬದಲಿಸಬೇಕು. ಟೈರ್ ಒರಗುವ ರಿಮ್ಮಿನ ಅಂಚು ಸವೆದು ಬ್ಲೇಡಿನಂತೆ ಚೂಪಾಗಿದ್ದರೆ ಟೈರನ್ನು ಕೊಯ್ಯುತ್ತದೆ. ಬರಿಬೆರಳು ಆಡಿಸಬೇಡಿ, ಕೈಗವಸು ಹಾಕಿ ನೋಡಿ.

ಯಾವ ಕಾರಣಕ್ಕಾದರೂ ಚಕ್ರ ಬಿಚ್ಚಿದ್ದರೆ, ಹಬ್‌ಗೆ ಅಂಟುವ ಮುಖದ ಮೇಲೆ ಪಾಲಿಶ್, ವ್ಯಾಕ್ಸ್, ಎಣ್ಣೆ ಯಾವುದೂ ಉಳಿಯಬಾರದು. ಆ ಎರಡು ಮುಖಗಳ ಒಣ ಹಿಡಿತವೇ ಭಾರ ಹೊರುವುದು, ನಡುವೆ ಜಾರುವ ಪದರ ಇದ್ದರೆ ನಟ್ ಸಡಿಲವಾಗುತ್ತದೆ. ಹತ್ತು ನಟ್‌ಗಳ, ಹಬ್ ಮೇಲೆ ಕೂರುವ ಚಕ್ರಕ್ಕೆ 33 ಮಿಲಿಮೀಟರ್ ಸಾಕೆಟ್, 22 ಮಿಲಿಮೀಟರ್ ಬೋಲ್ಟಿಗೆ 450ರಿಂದ 500 ಅಡಿ-ಪೌಂಡ್, ಅಂದರೆ ಸುಮಾರು 610ರಿಂದ 680 ನ್ಯೂಟನ್ ಮೀಟರ್ ಬಿಗಿತ ಬೇಕು. ಚಿಕ್ಕ ಚಾಸಿಗಳಿಗೆ ಇದು ತೀರ ಹೆಚ್ಚು, ಅವುಗಳ ಅಂಕಿ ಗಾಡಿಯ ಪುಸ್ತಕದಲ್ಲಿರುತ್ತದೆ. ಎದುರುಬದುರಿನ ಕ್ರಮದಲ್ಲಿ ಬಿಗಿದು, 50ರಿಂದ 100 ಮೈಲಿ ಓಡಿಸಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ಎಲ್ಲ ನಟ್ ಪರೀಕ್ಷಿಸಿ, ಆಮೇಲೆ ಹೊಳೆಯುವ ಟೋಪಿಗಳನ್ನು ಹಾಕಿ.